ಅಕ್ಷರಕ್ಕೆ ಎಂಟು ಯೂರೋ

ಅಕ್ಷರಕ್ಕೆ ಎಂಟು ಯೂರೋ. ಚಿನ್ನದ ಬಣ್ಣ ತುಂಬಿದರೆ ಹನ್ನೊಂದು.
ಬ್ರಿಟನಿಯ ಗ್ರಾನೈಟು, ಸುಲಭಕ್ಕೆ ಬಗ್ಗುವ ಪೈಕಿಯಲ್ಲ.
ಜನ ಸಾವಿನಲ್ಲೂ ಜಿಪುಣರು: ಒಬ್ಬ ಬೆರಳು ಮಡಚಿ ಎಣಿಸಿ
ಅಪ್ಪನ ನಡುವಿನ ಹೆಸರನ್ನೇ ಕೈಬಿಟ್ಟ.
ಆದರೂ 'ಪ್ರೀತಿಯ' ಎಂಬುದನ್ನು
ಈವರೆಗೆ ಯಾರೂ ಮೊಟಕು ಮಾಡಿಸಿಲ್ಲ.

ಇವಳು ಮಾಡುತ್ತಾಳೆ. ಆನೈಗ್, ನನ್ನ ತಂಗಿಯ ಮೊಮ್ಮಗಳು,
ಲೆಕ್ಕ ಬರೆಯಲು ಬಂದವಳು.
ನಾನು ಸಂದೇಶ ಕಳಿಸುತ್ತೇನೆ: ಕಲ್ಲಿನ ಲಾರಿ ಕೆಸರಲ್ಲಿ ಹೂತಿದೆ,
ಮೊಣಕಾಲವರೆಗೆ ನಾನೂ.
ಅವಳ ಉತ್ತರ: ಎಮ್, ದೇ, ಎರ್.
ನಕ್ಕು ನಕ್ಕು ಸತ್ತೆ, ಅಂತ ಅರ್ಥವಂತೆ.
ಸತ್ತವಳು ಮರುಗಳಿಗೆಗೇ ಕೇಳುತ್ತಾಳೆ:
ಬರುವಾಗ ಬ್ರೆಡ್ಡು ತರ್ತೀರಾ?

ಅದನ್ನು ಒತ್ತುವಾಗ ನೋಡಿದ್ದೇನೆ ಅವಳನ್ನು.
ತುಟಿ ಹೊಲಿದ ಹಾಗೆ. ಹುಬ್ಬೂ ಅಲುಗದು.
ಹಲ್ಲುನೋವಿನವರ ಮುಖ.
ಕೆಂಪೇರ್‌ಗೆ ಹೋಗುವ ಬೆಳಗಿನ ಬಸ್ಸಿನಲ್ಲಿ
ಇಪ್ಪತ್ತು ಮಂದಿ ನಗುತ್ತಾ ಸಾಯುತ್ತಿರುತ್ತಾರೆ,
ಚಕ್ರದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಸಾವು ನನಗೆ ಗೊತ್ತು, ಪುಸ್ತಕದಲ್ಲಿ ಪಟ್ಟಿಯಿದೆ:
ಸಮುದ್ರ, ಕ್ಯಾನ್ಸರು, ಏಣಿ, ಮತ್ತೆ ಸಮುದ್ರ.
ನಗುವಿನ ಲೆಕ್ಕಕ್ಕೆ ಒಬ್ಬರೂ ಇಲ್ಲ.
ನನ್ನಪ್ಪ ನಗುತ್ತಿದ್ದ, ಹೌದು. ಮೊದಲು ಉಸಿರು ನಿಲ್ಲುತ್ತಿತ್ತು,
ಆಮೇಲೆ ಭುಜ, ಆಮೇಲೆ ಮೇಜೇ ಕುಣಿಯುತ್ತಿತ್ತು,
ಸೈಡರಿನ ಲೋಟಗಳನ್ನು ಅಮ್ಮ ಹಿಡಿದುಕೊಳ್ಳಬೇಕಿತ್ತು.
ಕೊನೆಗೊಂದು ಸಣ್ಣ ಕೀರಲು, ಇಲಿಯದ್ದೋ ಬಾಗಿಲದ್ದೋ.
ಬರೀರಿ ನೋಡೋಣ ಅದನ್ನ, ಮೂರಕ್ಷರದಲ್ಲಿ.

ಸೋಮವಾರ ಬಂದರು ಮದಾಮ್ ಕೆರ್ಮೊರ್ಗಾನ್.
ಒದ್ದೆ ಕೊಡೆ, ನಾಲ್ಕಾಗಿ ಮಡಚಿದ ಚೀಟಿ.
ಗಂಡನ ಹೆಸರು, ಎರಡು ಇಸವಿ,
ಕೆಳಗೆ ಸೊಟ್ಟಸೊಟ್ಟಗೆ ಅದೇ ಮೂರು.
ನಾನು ಬಾಯಿ ತೆರೆಯುವ ಮೊದಲೇ
'ದುಡ್ಡು ಉಳಿಸೋಕಲ್ಲ' ಅಂದು ಫೋನು ತೋರಿಸಿದರು.
ಆಸ್ಪತ್ರೆ. ಅವರ ಗಂಟಲಲ್ಲಿ ನಳಿಕೆ, ಮಾತಿಲ್ಲ,
ಕೆಲಸ ಮಾಡುತ್ತಿದ್ದುದು ಒಂದೇ ಬೆರಳಂತೆ.
ಈಕೆ ಬರೆದದ್ದು: ನಿನ್ನ ಹುಂಜ ಪಾದ್ರಿಯನ್ನ
ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಹೋಯ್ತು.
ಆತ ಬರೆದದ್ದು: ಎಮ್, ದೇ, ಎರ್.
ಬೆಳಗಿನ ನಾಲ್ಕು ಹತ್ತಕ್ಕೆ.

ಇಪ್ಪತ್ತನಾಲ್ಕು ಯೂರೋ, ಅಂದೆ. ಎಣಿಸಿ ಕೊಟ್ಟರು.
ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೂತೆ.
ಎರ್‌ನ ಕಾಲು ಕಷ್ಟ, ತುದಿಯಲ್ಲಿ ಗ್ರಾನೈಟು ಸಿಡಿಯುತ್ತದೆ, ಯಾವತ್ತೂ.
ಎರಡು ದಿನ ಹಿಡಿಯಿತು.
ಸಿಟ್ಟು ಇಳಿಯಿತು ಅಂದುಕೊಳ್ಳಬೇಡಿ,
ಬಸ್ಸಿನವರ ಮೇಲೆ ಅದು ಹಾಗೇ ಇದೆ.

ಕಲ್ಲಿನ ಫೋಟೊ ಆನೈಗ್‌ಗೆ ಕಳಿಸಿದೆ.
ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಬಂತು, ಪೂರ್ತಿ ಅಕ್ಷರಗಳಲ್ಲಿ:
ಬ್ರೆಡ್ಡು ನಾನೇ ತಂದಿದ್ದೇನೆ.