ಅಲಮಾರಿ ಹಿಂದ

ಹನ್ನೊಂದು ವರ್ಷದ ಹಿಂದ ಈ ಗ್ವಾಡಿಗೆ
ನಾನಽ ಬರದದ್ದು.
ನೀಲಿ ನೆಲ, ಬಿಳಿ ಅಕ್ಷರ, ಅಂಚಿಗೆ ಕೆಂಪು ಗೀಟು.
ಅಮೀನಗಡದಾಗ ಅಕ್ಷರಕ್ಕ ಎರಡು ರೂಪಾಯಿ ನನ್ನ ದರ,
ಠಾಣೆದ್ದು ಫುಕಟ್.
ಚಾ ಕುಡಿಸಿದ್ರು, ಖರೆ.

ಬರಿಯೂದು ಅಂದ್ರ ಓದೂದಲ್ಲ.
ಹಕ್ಕು ಅಂದ್ರ ನನಗ
ಒತ್ತು ಕೆಳಗಿನ ಸಾಲಿಗೆ ತಾಗಧಂಗ ನೋಡ್ಕೊಳ್ಳೂದು.
'ಬಂದನ' ಅಂತ ಬರದಿದ್ದೆ ಮೊದಲು.
ಆಗಿನ ಸಾಹೇಬ ನಕ್ಕಿದ್ದ:
"ಯಾರು ಬಂದಾನಲೇ? ದ-ದ ಕೆಳಗ ಸೀಳು ಎಳಿ,
ಮಹಾಪ್ರಾಣ ಅದು."
ಸಣ್ಣ ಕುಂಚ ತಗೊಂಡು ಎಳದೆ.
ಅಷ್ಟಽ.

ನಿನ್ನೆ ರಾತ್ರಿ
ರೊಟ್ಟಿ ಮುರದ ಕೈ ತೊಳಿಯಾಕೂ ಬಿಡಲಿಲ್ಲ.
ಯಾಕ ಅಂತ ಯಾರೂ ಹೇಳಲಿಲ್ಲ.
ಜೀಪಿನ ಮ್ಯಾಲ ನನ್ನ ನಿಚ್ಚಣಿಕಿ ಕಟ್ಟಿದ್ದು ನೋಡಿ
ನಾನಽ ತಿಳಕೊಂಡೆ:
ಕರದಂಟಿನ ಅಂಗಡಿ, ಬೆಳಕಿಂಡಿ,
ಅರ್ಧ ಬರದ ಬೋರ್ಡು, ಅಲ್ಲೇ ಬಿಟ್ಟು ಬಂದ ನಿಚ್ಚಣಿಕಿ.
ಯಾರೋ ಏರ್ಯಾರ. ಯಾರೋ ಇಳದಾರ.

ಬೆಂಚಿನ ಮ್ಯಾಲ ಕುಂತು ನೋಡ್ತೀನಿ
ನನ್ನ ಬೋರ್ಡಿನ ಬಲಗಡೆ
ಹೊಸಾದೊಂದು ಕಬ್ಬಿಣದ ಅಲಮಾರಿ.
ಬಂಧನದ ಕಾರಣ ತಿಳಿಯುವ
ಮನೆಯವರಿಗೆ ಸುದ್ದಿ ಮುಟ್ಟಿಸುವ
ವಕೀಲರನ್ನು ಕಾಣುವ
ಇಪ್ಪತ್ತನಾಲ್ಕು ತಾಸಿನೊಳಗೆ ಮ್ಯಾಜಿ
ನಾಕು ಸಾಲು ಕಾಣ್ತಾವ,
ಸಾಲಿನ ತುದಿ ಕಾಣೂದಿಲ್ಲ.
ಹಕ್ಕು ಅನ್ನೂದೆಲ್ಲಾ ಅಲಮಾರಿ ಹಿಂದ.

ತೊಡಿ ಮ್ಯಾಲ ಬೆರಳು ತಾನಽ ಆಡ್ತು.
ಹ. ಕ. ಒತ್ತು. ಕೊಂಬು.
ಕೈಗೆ ನೆನಪೈತಿ.
ಹನ್ನೊಂದು ವರ್ಷದ ಮ್ಯಾಲ ಮೊದಲ ಸಲ ಓದಿದೆ.

"ಬಾಯೋರ, ನಮ್ಮ ಸಾವಕ್ಕಗ ಒಂದು ಫೋನ್ ಮಾಡ್ರಿ.
ಎರಡನೇ ಸಾಲು."
ಹವಾಲ್ದಾರ ಬಾಯಿ ತಲಿ ಎತ್ತಿದಳು:
"ಯಾವ ವಕೀಲ ಕಲಿಸಿದ ನಿನಗ?"
"ಯಾರೂ ಇಲ್ರಿ. ಆ ಅಲಮಾರಿ ಒಂದು ಗೇಣು ಸರಸ್ರಿ."
ಸರಸಲಿಲ್ಲ.
ಬೋರ್ಡಿನ ಎಡಮೂಲಿ ನೋಡಿದಳು, ಸಣ್ಣ ಅಕ್ಷರ,
ಹುಚ್ಚೇಶ ಆರ್ಟ್ಸ್.
ನನ್ನ ನೋಡಿದಳು. ಉಗುರಿನಾಗಿನ ಬಣ್ಣ ನೋಡಿದಳು.
"ನಂಬರ್ ಹೇಳು" ಅಂದಳು.

ಸಾವಕ್ಕ ಏನೂ ಕೇಳಲಿಲ್ಲ,
ಅತ್ತಾಗಿಂದ ಬರೇ ಉಸಿರು ಕೇಳಸ್ತು.

ಬೆಳಗಿನ ಜಾವ ರೈಟರ್ ಕಾಗದ ತಂದ.
ಕಾರಣ ಬರದಿತ್ತು, ಯಾಳೆ ಬರದಿತ್ತು,
ಮ್ಯಾಲ ದೊಡ್ಡದಾಗಿ: 'ಬಂದನ ಪತ್ರ'.
"ಸಹಿ ಮಾಡು" ಅಂತ ಪೆನ್ನು ಕೊಟ್ಟ.

ಸಹಿ ಆಮ್ಯಾಲ.
ಮೊದಲು ದ-ದ ಕೆಳಗ
ಸೀಳು ಎಳದೆ.
ಈ ಸಲ ಚಾ ಬರಲಿಲ್ಲ.