ಹಿಂದಿನವರ ಸೌದೆ

ಮೊಂಟಾನಾದ ಈ ಕಣಿವೆಗೆ ಅಕ್ಟೋಬರಿನಲ್ಲೇ ಹಿಮ.
ಬೀಗಕ್ಕೆ ನಾಲ್ಕು ಅಂಕಿ, ಎರಡು ರಾತ್ರಿಗೆ ನೂರು ಡಾಲರು.
ಅಜ್ಜ, ರೇಂಜರ್ ಆಲ್ವಿನ್ ಸ್ಟೋರ್ಬಿ,
ಸಂಬಳ ಎಣಿಸಿಕೊಂಡು ಮಲಗಿದ ಮಂಚಕ್ಕೆ
ನಾನು ಬಾಡಿಗೆ ಕಟ್ಟಿ ಬಂದಿದ್ದೇನೆ.

ಗೋಡೆಯಲ್ಲಿ ಹಿಡಿ ತಿರುಗಿಸುವ ಫೋನು.
ಮೂರು ಉದ್ದ, ಒಂದು ಗಿಡ್ಡ: ಬೆಂಕಿ ಬಿದ್ದಿದೆ ಎಂದರ್ಥ.
ಮಗ ತಿರುಗಿಸುತ್ತಲೇ ಇದ್ದಾನೆ.
ತಂತಿ, ಯಾವತ್ತೋ, ಕಾಡಿನೊಳಗೆಲ್ಲೋ
ಎಲ್ಕ್ ಜಿಂಕೆಯೊಂದರ ಕೊಂಬಿಗೆ ಸುತ್ತಿಕೊಂಡು ಹೋಯಿತು.

ಬಂದುಹೋದವರ ಪುಸ್ತಕ ಓದಿದೆ.
"ಇಲಿಗಳಿವೆ, ಬೆಣ್ಣೆ ತೂಗುಹಾಕಿ."
"ಇಲ್ಲೇ ಅವಳು ಹೂಂ ಅಂದಳು."
"ಡ್ವೇನ್ ಇಲ್ಲದ ಮೊದಲ ಬೇಟೆ. ಏನೂ ಹೊಡೆಯಲಿಲ್ಲ."
ಅಜ್ಜನ ಹೆಸರನ್ನು ಒಬ್ಬರೂ ಎತ್ತಿಲ್ಲ.
ಯಾಕೆ ಎತ್ತಬೇಕು?
ತನ್ನ ಡೈರಿಯಲ್ಲಿ ಅವನೇ ಬರೆದದ್ದು ಇಷ್ಟು:
ಹೇಸರಗತ್ತೆಗೆ ಲಾಳ. ಹೊಗೆ ಕಾಣಲಿಲ್ಲ. ಗಾಳಿ.

ಒಲೆ ಬೇಗ ಹತ್ತಿಕೊಂಡಿತು,
ಮುಖ ಕಾಣದ ಯಾರೋ ಸೀಳಿಟ್ಟು ಹೋದ ಲಾರ್ಚ್ ಸೌದೆ.
ಹೊರಡುವ ಮೊದಲು ನಾವೂ ಅಷ್ಟು ಸೀಳಿಡಬೇಕು,
ಬಾಗಿಲ ಹಿಂದಿನ ಹಲಗೆಯಲ್ಲಿ ಬರೆದಿದೆ.
ಮಗನಿಗೆ ಕೊಡಲಿ ಹಿಡಿಯಲು ಬರುವುದಿಲ್ಲ.
ನನಗೂ ಅಷ್ಟಕ್ಕಷ್ಟೇ.