ಎರಡು ಸುಳಿ

ಶನಿವಾರ ಸಂಜಿ ಅಂಗಡಿ ಮುಚ್ಚೂದಂದ್ರ
ನಾಕು ದಾಡಿ, ಮೂರು ಕಟಿಂಗು ಹೋತು ಅಂತ ಲೆಕ್ಕ.
ಶಟರ್ ಎಳಿಯೂ ಹೊತ್ತಿಗೇ ಬಂದು ನಿಂತ್ರು
ಮೂಲಿಮನಿ ಪರೇರಾ ಸಾಹೇಬರು, ಗಲ್ಲ ಕೆರಕೋತ.
ನಾಳೆ ಬರ್ರಿ ಸರ, ಇವತ್ತ ನನ್ನ ಮಕ್ಕಳು
ಸ್ಟೇಜಿನ ಮ್ಯಾಲ ಅದಾರ ಅಂದೆ.
ಹಿಂಗ ಅಂದಾಂವ ನಾನ ಹೌದೋ ಅಲ್ಲೋ ಅಂತ
ವಾಸ್ಕೋದ ಇಳಿಜಾರ ಇಳಕೋತ
ಎರಡ ಸಲ ಕೇಳಕೊಂಡೆ.

ಸಾಲಿ ಅಂಗಳದಾಗ ಬಾಡಿಗಿ ಕುರ್ಚಿ, ಕೆಂಪು.
ಕಡೇ ಸಾಲಿನಾಗ ಕುಂತವಂಗ ಕಾಣೂದು ಬರೀ ತಲಿ.
ಕಾಣಲಿ ಬಿಡು, ತಲಿ ನನಗ ಬಾಯಿಪಾಠ.
ಅದು ಮೀನಾ ಮಾರೂ ಕಾಮಿಲ್, ಹಿಂದ ಗಾಯದ ಗುರುತು.
ಇದು ಬಂದರದ ಕ್ರೇನ್ ಡ್ರೈವರ್;
ತಿಂಗಳಿಗೆ ಇಷ್ಟಿಷ್ಟ ಹಿಂದ ಸರೀತೈತಿ ಕೂದಲ,
ಇಳತದ ಹೊತ್ತಿನ ಬೈನಾ ದಂಡಿ ಹಂಗ.

ಮೊದಲು ಬಂದಾಕಿ ಮಗಳು.
ಮನ್ಯಾಗ ಹೊನ್ನವ್ವ, ನಮ್ಮವ್ವನ ಹೆಸರು.
ಮೈಕಿನಾಗ ಹೊನ್ನಾ ಹಡಪದ.
ಕೊಂಕಣಿಯೊಳಗ ಮಾತಾಡಿದಳು, ಚೀಟಿ ನೋಡಲಿಲ್ಲ.
ನನ್ನ ಕೊಂಕಣಿ ಗಿರಾಕಿ ಕೊಂಕಣಿ:
ಸಣ್ಣ ಮಾಡ್ಲೋ, ಮೀಸಿ ಇಡ್ಲೋ, ಚಿಲ್ಲರ ಐತೋ.
ಆಕಿದು ಬ್ಯಾರೆ. ದರ್ಯೊ ಅಂದಳು, ಅದು ತಿಳೀತು, ಸಮುದ್ರ.
ಅದರ ಬೆನ್ನಿಗೆ ಏನೋ ಅಂದಳು, ಜನ ಎಲ್ಲಾ ನಕ್ಕರು.
ನಾನೂ ನಕ್ಕೆ, ಒಂದು ಉಸರು ತಡಾ ಮಾಡಿ.
ಏನಂದಳು ಅಂತ ಈಕಿ ನನ್ನ ಕಿವಿಗೆ ಬಂದಳು.
ಚೊಲೋದ ಅಂದಳು, ಅಂದೆ.

ಆಮ್ಯಾಲ ಸಮುದ್ರ ಬಂತು.
ಮೂರು ಸೀರಿ ಕೂಡಿಸಿ ಹೊಲದ ನೀಲಿ.
ನಡುವಿಂದು ಈಕಿದು, ಗಜೇಂದ್ರಗಡದ್ದು,
ಕೆಂಪು ದಡಿ ಒಳಗ ಮಡಚಿದ್ದರು:
ಸಮುದ್ರಕ್ಕ ದಡಿ ಇರಂಗಿಲ್ಲಂತ ಟೀಚರ್ ಹೇಳಿದ್ದರಂತ.
ಅದರ ತಳಗ ಹದಿನಾಕು ಹುಡುಗರು.
ಹದಿನಾಕೂ ತಲಿ ನಿನ್ನೆ ಪುಕ್ಕಟೆ ಕತ್ತರಿಸೇನಿ.
ಮುಚ್ಚೂ ತಲಿಗೆ ಕಟಿಂಗ್ ಯಾಕ ಅಂತ
ನನಗ ಹೊಳೀಲೇ ಇಲ್ಲ.

ದ್ಯಾಮಣ್ಣ ನೀ ಏನಾಗೀಯೋ ಅಂತ ಕೇಳಿದ್ರ
ಒಂದು ತಿಂಗಳಿಂದ ಅಲಿ, ಅಲಿ ಅಂತಿದ್ದ.
ನಾ ಗಲ್ಲಿತುಂಬಾ ಹೇಳಿಕೋತ ಬಂದಿದ್ದೆ.
ಬಾಜೂ ಅಂಗಡಿ ಟೇಲರ್ ಅಲಿ ಭಾಳ ಖುಷಿಪಟ್ಟಿದ್ದ.

ಸೀರಿ ಏಳತಿತ್ತು, ಬೀಳತಿತ್ತು.
ಎಲ್ಲಾ ಬಿದ್ದಾಗ ಏಳೂ ತೆರಿ ಒಂದಿತ್ತು, ಎಡಕ್ಕ.
ಅದ ನನ್ನಾಂವ. ಎಡಚ.
ಉಣ್ಣೂ ಮುಂದ, ಬರಿಯೂ ಮುಂದ
ಎಷ್ಟು ಸಲ ಆ ಕೈಮ್ಯಾಲ ಹೊಡದೇನಿ.
ಇವತ್ತ ಅವ ಆ ಕೈಲೇ ಜಗ್ಗಿದ್ರ
ಹದಿಮೂರು ಮಂದಿ ನೀರು
ತುಸು ಅವನ ಕಡೆ ವಾಲತಿತ್ತು.

ನಡುವ ಮುಗ್ಗರಿಸಿದ.
ನೀಲಿ ಒಳಗ ಒಂದು ತಗ್ಗು ಬಿತ್ತು.
ಎಷ್ಟು ಚಂದ ಮಾಡ್ಯಾರ ನೋಡ್ರಿ,
ಮುಂದ ಕುಂತಾಕಿ ಗಂಡಗ ಹೇಳತಿದ್ದಳು.
ಈಕಿ ನನ್ನ ತೊಡಿ ಚಿವುಟಿದಳು.
ಕಂಡೇನಿ ಮಾರಾಯ್ತಿ, ಸುಮ್ನಿರು,
ಅದು ಬಂಡಿಗೆ ಬಡದ ತೆರಿ.

ಕಡೀಕ ಸೀರಿ ಸರಿಸಿ ಹೊರಗ ಬಂದರು.
ಬೆವತ ಹದಿನಾಕು ತಲಿ
ನನ್ನ ಕುರ್ಚಿಯೊಳಗ ಬಗ್ಗಿದಂಗ ಬಗ್ಗಿದವು.
ಮಾರಿ ಕಾಣಲಿಲ್ಲ ಯಾರದೂ.
ಎಡದಿಂದ ಐದನೇದರ ನೆತ್ತಿಮ್ಯಾಲ
ಎರಡು ಸುಳಿ.

ಹುಟ್ಟಿದ ದಿನ ನಮ್ಮವ್ವ ತಲಿ ಸವರಿ ಅಂದಿದ್ದಳು,
ಎರಡು ಸುಳಿ ಇದ್ದವಂಗ ಎರಡು ಮದುವಿ.
ಅಲ್ಲಬೇ ಯವ್ವಾ,
ನೀರಾಗೂ ಹುಡುಗಗ
ಒಂದು ಸುಳಿ ಎಲ್ಲಿ ಸಾಲತಿತ್ತು?

ಚಪ್ಪಾಳಿ ಹೊಡದೂ ಹೊಡದೂ
ಕತ್ತರಿ ಹಿಡಿಯೂ ಹೆಬ್ಬೆರಳು ನೋಯಾಕ ಹತ್ತಿತ್ತು.

ಬಸ್ಸಿನಾಗ ದ್ಯಾಮಣ್ಣ ಸಮುದ್ರ ಹೊದ್ದು ಮಲಗಿದ.
ಹೊನ್ನವ್ವ ಕೇಳಿದಳು, ಅಪ್ಪಾ, ನೀನೂ ನಕ್ಕಿ, ತಿಳೀತೇನು?
ಇಲ್ಲವ್ವ, ಹೇಳು.
ಬಿಡಿಸಿ ಬಿಡಿಸಿ ಹೇಳಿದಳು, ಎರಡು ಸ್ಟಾಪ್ ದಾಟೂ ತನಕ.
ಕನ್ನಡದಾಗ ಅಷ್ಟೇನು ನಗು ಬರಲಿಲ್ಲ.
ಆದ್ರೂ ನಕ್ಕೆ,
ಈ ಸಲ ತಡಾ ಮಾಡಲಿಲ್ಲ.